ಓರೆಪಟ್ಟಿ

"‘ನಾವು’ ಅಂದ್ರೆ ಯಾರಮ್ಮ? ಇಲ್ಲಿ ಕೂತಿರೋದು ನೀನೊಬ್ಬಳೇ ಅಲ್ವಾ?"

ಎಂಜಿನಿಯರಿಂಗ್ ಕಾಲೇಜಿನ ಬೋಳುತಲೆ ಪ್ರೊಫೆಸರು ಪೆನ್ನಿನಿಂದ ಮೇಜು ಕುಟ್ಟಿದರು. ಮೇಜಿನ ಮೇಲೆ ಐಸ್‌ಕ್ರೀಮ್ ಕಡ್ಡಿಗಳಿಂದ ಕಟ್ಟಿದ ಮೊಳದುದ್ದದ ಸೇತುವೆ. ಕಾಲೇಜು ಶಾಲಾಮಕ್ಕಳಿಗೆ ನಡೆಸುವ ಬೇಸಿಗೆ ಶಿಬಿರದಲ್ಲಿ ಒಂದು ಶಾಲೆಗೆ ಫೀಸಿಲ್ಲದ ಸೀಟು ಒಂದೇ. ಈ ಶಾಲೆಯಿಂದ ಬಂದವರು ಇಬ್ಬರು. ಸದಾ ಕೈಯಲ್ಲಿ ಸ್ಕೇಲು ಹಿಡಿದಿರುತ್ತಾಳೆಂದು ‘ಸ್ಕೇಲು’ ಎಂದೇ ಕರೆಸಿಕೊಂಡವಳು ಒಳಗೆ. ಬೆರಳಿಗೆ ಮೆತ್ತಿದ ಗಮ್ ಎಂದೂ ಹೋಗದ ಗೆಳತಿ ‘ಅಂಟು’ ಹೊರಗೆ, ಬೆಂಚಿನ ಮೇಲೆ.

"ನಾನು, ನನ್ನ ಗೆಳತಿ ಸರ್. ಹನ್ನೊಂದು ಸಲ ಮುರೀತು. ಹನ್ನೆರಡನೇ ಸಲ ನಾವು..."

"ಮತ್ತೆ ನಾವು! ಸೀಟು ಅರ್ಧರ್ಧ ಹಂಚೋಕಾಗಲ್ಲ ಕಣಮ್ಮ. ಈ ಓರೆಪಟ್ಟಿ ಹಾಕಿದೀರಲ್ಲ, ಇದ್ಯಾರ ಯೋಚನೆ?"

ಯಾರದೇನು, ಅಂಟುವಿನದೇ. ಹನ್ನೊಂದನೇ ಸಲ ಸೇತುವೆ ಸೊಟ್ಟಗಾಗಿ ಕುಸಿದಾಗ ಸ್ಕೇಲು ಕಡ್ಡಿಗಳನ್ನೆಲ್ಲ ಕಸದ ಬುಟ್ಟಿಗೆ ಸುರಿದು, "ನನ್ ಕೈಲಾಗಲ್ಲ ಹೋಗೇ" ಎಂದು ಗೊಳೋ ಎಂದಿದ್ದಳು. ಅಂಟು ಬುಟ್ಟಿಗೆ ಕೈಹಾಕಿ ಒಂದೊಂದೇ ಕಡ್ಡಿ ಆರಿಸಿದಳು. ಆಮೇಲೆ ತರಗತಿಯ ಹಲಗೆ ಬಾಗಿಲಿನ ಹಿಂದೆ ಮೂಲೆಯಿಂದ ಮೂಲೆಗೆ ಬಡಿದಿದ್ದ ಪಟ್ಟಿ ತೋರಿಸಿ, "ಇದಿಲ್ದಿದ್ರೆ ಈ ಬಾಗಿಲೂ ಜೋತುಬೀಳ್ತಿತ್ತು, ನೋಡೇ ಪೆದ್ದಿ" ಎಂದಳು. ಸೇತುವೆಗೂ ಹಾಗೇ ಓರೆಯಾಗಿ ಕಡ್ಡಿ ಕೂರಿಸಲು ಸ್ಕೇಲು ಕೋನ ಅಳೆದಳು, ಅಂಟು ಅಂಟಿಸಿದಳು. ಆರು ಇಟ್ಟಿಗೆ ಹೇರಿದರೂ ಸೇತುವೆ ಜಪ್ಪಯ್ಯ ಅನ್ನಲಿಲ್ಲ.

"ನಂದೇ ಸರ್." ಎಲುಬಿಲ್ಲದ ಹಾಳು ನಾಲಿಗೆ, ಹೊರಳಿಯೇ ಬಿಟ್ಟಿತು.

"ಮತ್ತೆ ಆ ಹುಡುಗಿ?"

"ಅವಳು... ಗಮ್ ಹಚ್ಚಿದ್ಲು."

"ಹಾಗೆ ಹೇಳು ಮತ್ತೆ!" ಪ್ರೊಫೆಸರು ಹಾಳೆಯ ಮೇಲೆ ಏನೋ ಗೀಚಿ, ಹೊರಗಿರುವವಳನ್ನು ಕಳಿಸು ಎಂದರು.

ಸ್ಕೇಲು ಹೊರಬಂದಾಗ ಅಂಟು ಎದ್ದು ನಿಂತು ಜಡೆ ಸರಿಮಾಡಿಕೊಳ್ಳುತ್ತಿದ್ದಳು. ಮುಖ ಕೊಟ್ಟು ನೋಡಲಿಲ್ಲ. "ನಿಂಗೇ ಸಿಗುತ್ತೆ ಬಿಡೇ" ಎಂದಷ್ಟೇ ಹೇಳಿ ಒಳಗೆ ಹೋದಳು. ಸ್ಕೇಲು ಅವಳು ಕೂತಿದ್ದ ಜಾಗದಲ್ಲೇ ಕೂತಳು. ಹಿಂದಿದ್ದದ್ದು ಗೋಡೆಯಲ್ಲ, ತೆಳ್ಳಗಿನ ಪ್ಲೈವುಡ್ ಅಡ್ಡಗೋಡೆ. ಅದರಾಚೆ ಪ್ರೊಫೆಸರು ಕೆಮ್ಮಿದ್ದು ಕಿವಿಯ ಪಕ್ಕದಲ್ಲೇ ಕೆಮ್ಮಿದಷ್ಟು ಸ್ಪಷ್ಟವಾಗಿ ಕೇಳಿತು.

ಅಯ್ಯೋ! ಹಾಗಾದರೆ ಅಂಟು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ಭೂಮಿ ಬಾಯಿಬಿಟ್ಟಿದ್ದರೆ ಸ್ಕೇಲು ಆಗಲೇ ಇಳಿದುಬಿಡುತ್ತಿದ್ದಳು. ಈಗಲೂ ಎದ್ದು ಒಳಗೆ ನುಗ್ಗಿ ನಿಜ ಹೇಳಬಹುದಿತ್ತು. ಏಳಬೇಕೆಂದುಕೊಂಡಳು. ಏಳಲಿಲ್ಲ. ಸೀಟಿನ ಆಸೆ ಅಂಥದ್ದು.

"ಓರೆಪಟ್ಟಿ ತನ್ನ ಯೋಚನೆ ಅಂದ್ಲು ನಿನ್ನ ಗೆಳತಿ. ಹೌದೇನಮ್ಮ?"

ಅಡ್ಡಗೋಡೆಯಾಚೆ ಕುರ್ಚಿ ಕಿರುಗುಟ್ಟಿತು.

"ಹೌದು ಸರ್. ಅವಳದೇ. ನಾನು ಸುಮ್ನೆ ಜೊತೆಗಿದ್ದೆ."

ಪ್ರೊಫೆಸರ ದನಿ ಮೊದಲ ಬಾರಿಗೆ ಮೆತ್ತಗಾಯಿತು. "ಸೀಟು ಸಿಗದಿದ್ರೂ ಪರವಾಗಿಲ್ಲ ಮಗಳೇ. ಒಂಚೂರೂ ಸುಳ್ಳು ಹೇಳ್ಲಿಲ್ವಲ್ಲ ನೀನು, ಅದು ದೊಡ್ಡದು. ಹೋಗ್ಬಾ."