ದವಾಖಾನೆಗೆ ಒಂದು ಮತ

ಊರಿಗೊಂದು ದವಾಖಾನೆ ಬೇಕೆಂದು ಪಂಚಾಯಿತಿ ಸಭೆಯಲ್ಲಿ ಸದಸ್ಯೆ ಬೀಬಿಜಾನ ಎತ್ತಿದ ಬಲಗೈಗೆ ಅವಳದೇ ಪಾರ್ಟಿಯ ಈಶಪ್ಪ ಬೀಸಿದ ಕಬ್ಬಿಣದ ಕುರ್ಚಿ ಬಡಿದು, ಎಲುಬು ಲಟಕ್ಕನೆ ಮುರಿಯಿತು.

"ನಮ್ಮ ಪಾರ್ಟಿಯಾಕಿ ಆಗಿ ಅವರ ಠರಾವಿಗೆ ಕೈ ಎತ್ತತೀ? ದವಾಖಾನಿ ಬ್ಯಾಡ ಅಂದವರ್ಯಾರು? ಅವರು ತರೂದು ಬ್ಯಾಡ, ಅಷ್ಟ."

ಎರಡೂ ಪಾರ್ಟಿಯವರು ಕೊರಳಪಟ್ಟಿ ಹಿಡಿದು ಬಡಿದಾಡುತ್ತಿದ್ದರು. ಗೋಡೆಗೆ ರಕ್ತ ಚಿಮ್ಮಿತ್ತು. ಬೀಬಿಜಾನ ಅಳಲಿಲ್ಲ. ಹೋದ ವರ್ಷ ಹೆರಿಗೆನೋವಿನಲ್ಲಿ ಮಗಳು ಆಸಿಫಾ ರೋಣದ ದವಾಖಾನೆ ಮುಟ್ಟುವ ಮೊದಲೇ ಟೆಂಪೋದಲ್ಲಿ ತೀರಿಕೊಂಡಾಗ, ಅವಳ ತಲೆ ಇದೇ ಕೈಯ ಮೇಲಿತ್ತು.

ಜೋತುಬಿದ್ದ ಬಲಗೈಯನ್ನು ಬೀಬಿಜಾನ ಎಡಗೈಯಿಂದ ಹಿಡಿದು, ಹಲ್ಲು ಕಚ್ಚಿ, ಮತ್ತೆ ಮೇಲೆತ್ತಿದಳು. ಮೇಜಿನ ಕೆಳಗೆ ಅಡಗಿದ್ದ ಅಧ್ಯಕ್ಷನಿಗೆ ಹೇಳಿದಳು:

"ಮೊದ್ಲ ಇದನ್ನ ಎಣಸ್ರಿ, ಅಧ್ಯಕ್ಷರ. ಕೈ ಕಟ್ಟಿಸ್ಕೊಳ್ಳಾಕ ಆಮ್ಯಾಲ ರೋಣಕ್ಕ ಹೋಗ್ತೀನಿ."