ಕುಂಟಿದ ಬೆಳ್ಳಕ್ಕಿ

"ಮನುಷ್ಯರ ಕೈ ತಾಗಬಾರದು ಅಜ್ಜಿ. ಬೆವರಿನ ಉಪ್ಪು ಮಣ್ಣನ್ನ ತಿಂದುಬಿಡುತ್ತೆ," ಎಂದ ಮ್ಯೂಸಿಯಂ ಅಧಿಕಾರಿ.

"ಹಲ್ಲು ಮೂಡುವಾಗ ಅದನ್ನ ಕಚ್ಚಿದೋಳು ನಾನು. ಆಗ ಏನೂ ಆಗ್ಲಿಲ್ಲ. ಈಗ ಹಲ್ಲೂ ಇಲ್ಲ, ಹೆದರಬೇಡಪ್ಪ."

ಮೊಮ್ಮಗಳು ನಗಲಿಲ್ಲ. ಸೈಕಲ್ ರಿಪೇರಿಯವಳು ಅವಳು. ಕಡ್ಡಿ, ಚೈನು, ಹಳೆ ರಿಮ್ಮುಗಳಿಂದ ತಾನೇ ಕಟ್ಟಿದ ಯಂತ್ರದ ಬೆಳ್ಳಕ್ಕಿಯ ಮೊಣಕಾಲಿಗೆ ಎಣ್ಣೆ ಬಿಡುತ್ತಿದ್ದಳು. ಅದರ ಆಟ ನೋಡಲೆಂದೇ ಮ್ಯೂಸಿಯಂ ಇಬ್ಬರನ್ನೂ ಸಮುದ್ರದಾಚೆಯಿಂದ ಕರೆಸಿತ್ತು.

ಗಾಜಿನ ಪೆಟ್ಟಿಗೆಯಲ್ಲಿದ್ದದ್ದು ಮುಷ್ಟಿಗಾತ್ರದ ಮಣ್ಣಿನ ಗಿಲಕಿ. ಅಜ್ಜಿಯ ಊರನ್ನು ಈ ದೇಶದವರು ಆಳುತ್ತಿದ್ದಾಗ ಅವಳ ತಮ್ಮನ ತೊಟ್ಟಿಲಿನಿಂದ ಎತ್ತಿಕೊಂಡು ಬಂದದ್ದು. ಆಗ ಅಜ್ಜಿಗೆ ಏಳು ವರ್ಷ. ಗಿಲಕಿಯೊಳಗೆ ಕೆರೆಯ ತಾವರೆ ಬೀಜ ತುಂಬಿ, ಮೇಣದ ಬಿರಡೆ ಹಾಕುತ್ತಿದ್ದರು. ಕೂಸಿಗೆ ಆಟಿಕೆ, ಊರಿಗೆ ಕಣಜ. ಆಮೇಲೆ ಇಲ್ಲಿಯವರದೇ ಗಣಿಯ ಕೆಸರು ಕೆರೆಗೆ ಇಳಿಯಿತು. ತಾವರೆ ಸತ್ತಿತು, ಬೆಳ್ಳಕ್ಕಿಗಳು ಹೋದವು. ಹನ್ನೆರಡು ವರ್ಷ ಹೂಳೆತ್ತಿ ಊರಿನವರು ನೀರನ್ನು ತಿಳಿಯಾಗಿಸಿದ್ದರು. ಆ ತಾವರೆಯ ಬೀಜ ಮಾತ್ರ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ.

"ಬುರುಡೆ ನೀವೇ ಇಟ್ಕೊಳ್ಳಿ. ಒಳಗಿನ ಬೀಜ ಕೊಡಿ. ಒಂದಾದ್ರೂ ಕೊಡಿ," ಎಂದಳು ಅಜ್ಜಿ.

"ಒಳಗಿರೋದೂ ಸೇರಿದ್ರೇನೇ ವಸ್ತು. ನಿಮ್ಮ ಹತ್ತು ಅರ್ಜಿಗೂ ಇದನ್ನೇ ಬರೆದಿದ್ವಲ್ಲ? ಬೇಕಾದ್ರೆ ಯಂತ್ರ ಹಿಡೀಲಿ, ಅದಕ್ಕೆ ಬೆವರಿಲ್ಲ. ಮೂರೇ ನಿಮಿಷ."

ಬೆಳ್ಳಕ್ಕಿ ಕೆಸರಿನಲ್ಲಿ ಹೆಜ್ಜೆ ಹುಡುಕುವಂತೆ ಗತ್ತಿನಿಂದ ನಡೆಯಿತು. ಸಭೆಯವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಕೊಕ್ಕಿನಲ್ಲಿ ಗಿಲಕಿ ಎತ್ತಿ, ಕಾಲು ಮಡಚಿ ಕೂತು, ರೆಕ್ಕೆಯಡಿ ಅದನ್ನು ಹುದುಗಿಸಿಕೊಂಡಿತು, ಮೊಟ್ಟೆಗೆ ಕಾವು ಕೊಡುವ ಹಾಗೆ. ಒಳಗೆ ಚೈನು ಮೆಲ್ಲಗೆ ತಿರುಗಿತು. ಯಾರೋ ಮೂಗು ಒರೆಸಿಕೊಂಡರು. ಕೊನೆಗೆ ಬೆಳ್ಳಕ್ಕಿ ಎದ್ದು ಗಿಲಕಿಯನ್ನು ಅಲ್ಲಾಡಿಸಿತು.

ಅಜ್ಜಿ ತಲೆ ಎತ್ತಿ ಕಿವಿಗೊಟ್ಟಳು. ತಮ್ಮನನ್ನು ಮಲಗಿಸುತ್ತಿದ್ದ ಆ ಮೆತ್ತನೆಯ ಗುಳುಗುಳು ಇದಲ್ಲ. ಗಡುಸು, ತಣ್ಣನೆ ಸದ್ದು. ಇಷ್ಟು ವರ್ಷದಲ್ಲಿ ಬೀಜಗಳೆಲ್ಲ ಕಲ್ಲಾಗಿ ಹೋಗಿದ್ದವೇ?

ಚಪ್ಪಾಳೆಯೋ ಚಪ್ಪಾಳೆ. ಅಧಿಕಾರಿ ಇಕ್ಕಳದಿಂದ ಗಿಲಕಿ ಎತ್ತಿ, ಕಿವಿಯ ಬಳಿ ಒಮ್ಮೆ ಆಡಿಸಿ ಪೆಟ್ಟಿಗೆಗಿಟ್ಟ. "ಎಲ್ಲ ಒಳಗೇ ಇದೆ," ಎಂದು ಬೀಗ ಹಾಕಿದ.

ಬಾಗಿಲಲ್ಲಿ ಕಾವಲುಗಾರ ಬೆಳ್ಳಕ್ಕಿಯ ರೆಕ್ಕೆ ಬಿಡಿಸಿದ, ಹೊಟ್ಟೆಯ ಮುಚ್ಚಳ ತೆಗೆದ, ಗಂಟಲಿಗೆ ಟಾರ್ಚ್ ಹಿಡಿದ. ಏನೂ ಇಲ್ಲ.

"ಬರುವಾಗ ಚೆನ್ನಾಗಿ ನಡೀತಿತ್ತಲ್ಲಮ್ಮಾ? ಈಗ ಯಾಕೆ ಕುಂಟ್ತಿದೆ?"

"ಸುಸ್ತಾಗಿದೆ ಅಣ್ಣ. ಅದೂ ದೂರದಿಂದ ಬಂದಿದ್ದಲ್ವಾ?"

ಬಸ್ ನಿಲ್ದಾಣದ ಬೆಂಚಿನ ಮೇಲೆ ಅಜ್ಜಿ ಕುಸಿದು ಕೂತಳು.

"ಕುಣಿಸಿದ್ದಾಯ್ತು, ಚಪ್ಪಾಳೆ ಗಿಟ್ಟಿಸಿದ್ದಾಯ್ತು. ಸಾಕಾ ನಿನಗೆ? ನಿನ್ನ ಕೈಯಾರೆ ವಾಪಸ್ ಕೊಟ್ಯಲ್ಲೇ! ಊರಲ್ಲಿ ಎಲ್ಲರೂ ಕೆರೆ ದಂಡೇಲಿ ಕಾಯ್ತಾ ಕೂತಿರ್ತಾರೆ. ಯಾವ ಮುಖ ಹೊತ್ಕೊಂಡು ಹೋಗ್ಲಿ ನಾನು?"

"ಅಜ್ಜಿ, ಬೈದಿದ್ದು ಸಾಕು. ಮಡಿಲು ಒಡ್ಡು."

"ಏನಕ್ಕೆ?"

"ಒಡ್ಡು ಅಂದ್ನಲ್ಲ."

ಮೊಮ್ಮಗಳು ಸ್ಪ್ಯಾನರ್ ತೆಗೆದು ಬೆಳ್ಳಕ್ಕಿಯ ಕುಂಟುಗಾಲಿನ ನಟ್ಟು ಬಿಚ್ಚಿದಳು. ಬೇರಿಂಗಿನ ಉಕ್ಕಿನ ಗುಂಡುಗಳಿರಬೇಕಾದ ಜಾಗದಿಂದ, ಗ್ರೀಸ್ ಮೆತ್ತಿದ ಏಳು ತಾವರೆ ಬೀಜಗಳು ಅಜ್ಜಿಯ ಮಡಿಲಿಗೆ ಉದುರಿದವು.