ಸಿಂಪಿ ಹಬ್ಬದಲ್ಲಿ ರಾನ್‌ಹೀ

"ಯಾರೇ ಇವಳು?" ಎಂದು ಮುಂದಿನ ಸಾಲಿನ ಅಜ್ಜಿ ಗಟ್ಟಿಯಾಗಿ ಕೇಳಿದ್ದು ವೇದಿಕೆಯ ಮೇಲೆ ಹಾಡುತ್ತಿದ್ದ ರಾನ್‌ಹೀಯ ಕಿವಿಗೂ ಬಿತ್ತು. ವಿಯೆಟ್ನಾಂನಲ್ಲಿ ಅವಳು ಕೊರಿಯನ್ ಹಾಡು ಹಾಡುತ್ತಾಳೆಂದರೆ ಕ್ರೀಡಾಂಗಣಗಳೇ ತುಂಬುತ್ತಿದ್ದವು. ಕೊರಿಯಾದ ಕಡಲತೀರದ ಹುಟ್ಟೂರು ತೊಂಗ್‌ಯೋಂಗ್‌ನ ಸಿಂಪಿ ಹಬ್ಬದಲ್ಲಿ ಮಾತ್ರ ಜನ ಸುಟ್ಟ ಸಿಂಪಿ ತಿನ್ನುತ್ತ ಹರಟೆಯಲ್ಲಿ ಮುಳುಗಿದ್ದರು. ಹನ್ನೊಂದು ವರ್ಷದ ಹಿಂದೆ ಸಿಯೋಲ್‌ನ ಸಂಗೀತ ಕಂಪನಿಯವರು "ನಿನ್ನ ದನಿ ಇಲ್ಲಿ ನಡೆಯಲ್ಲ" ಎಂದು ವಾಪಸ್ ಕಳಿಸಿದ್ದು ಸರಿಯೇ ಇರಬೇಕು ಎಂದು ಅವಳಿಗೆ ಅನ್ನಿಸಿತು. ಎರಡನೇ ಚರಣ ಬಿಟ್ಟು ಇಳಿದುಬಿಡೋಣವೆಂದು ಅವಳು ಮೈಕು ಕೆಳಗಿಳಿಸಿದಳು.

ಆದರೆ ಆ ಚರಣ ಜನರ ಹಿಂದಿನಿಂದ ಕೇಳಿಬಂತು. ಚಿಪ್ಪೊಡೆದು ಸಿಂಪಿ ಬಿಡಿಸುವ ಶೆಡ್ಡಿನಿಂದ ರಬ್ಬರ್ ಏಪ್ರನ್‌ನಲ್ಲೇ ಓಡಿಬಂದ ಏಳೆಂಟು ಹೆಂಗಸರು ಹಾಡುತ್ತಿದ್ದರು. ಎಲ್ಲರೂ ವಿಯೆಟ್ನಾಂನಿಂದ ಈ ಊರಿಗೆ ಸೊಸೆಯರಾಗಿ ಬಂದವರು. ಒಬ್ಬಳು ಎತ್ತಿ ಬೀಸುತ್ತಿದ್ದ ಕೈಗವಸಿನಿಂದ ಉಪ್ಪುನೀರು ಮೊಣಕೈವರೆಗೆ ಇಳಿಯುತ್ತಿತ್ತು.

ಅಜ್ಜಿ ತಿರುಗಿ, ಕೈ ಬೀಸುತ್ತಿದ್ದ ತನ್ನ ಸೊಸೆಯನ್ನು ನೋಡಿದಳು. "ಲೇ ಥುಯ್, ನಿಂಗೆ ಇವಳು ಗೊತ್ತಾ?"

"ಅಯ್ಯೋ ಅತ್ತೆ, ಇವ್ರು ನಿಮ್ಮೂರಿನವರೇ! ನಾನು ನಿಮ್ ಮಾತು ಕಲ್ತಿದ್ದೇ ಇವ್ರ ಹಾಡು ಕೇಳಿ ಕೇಳಿ."

ಅಜ್ಜಿ ಹರಟುತ್ತಿದ್ದ ಪಕ್ಕದವಳನ್ನು ಮೊಣಕೈಯಿಂದ ತಿವಿದು ಸುಮ್ಮನಾಗಿಸಿದಳು. ಆಮೇಲೆ ವೇದಿಕೆಯತ್ತ ಕತ್ತೆತ್ತಿ ಹೇಳಿದಳು: "ಏ ಹುಡುಗೀ, ಮೊದಲಿಂದ ಹಾಡವ್ವ. ನಾನು ಸರಿಯಾಗಿ ಕೇಳಿಸ್ಕೊಳ್ಳಿಲ್ಲ."